ಟ್ಯೂಬ್‌ಲೈಟ್ ಇರಲಿ ಬಿಡಿ

(ಮಿರಜಿನ ತಂಬೂರಿ ಕಾರ್ಖಾನೆಗಳ ಬಗ್ಗೆ ಹೋದ ಸಂಚಿಕೆಯಲ್ಲಿ ಬಂದ ಚಿತ್ರಲೇಖನ ನೋಡಿ ಧಾರವಾಡದ ಓದುಗರೊಬ್ಬರು ಹೀಗೆ ಬರೆದಿದ್ದಾರೆ: "ಫೋಟೊಗಳು ಸಪ್ಪೆ. ಆ ಸುಕ್ಕುಗಟ್ಟಿದ ಕೈಗಳ ಒಂದೇ ಒಂದು ಕ್ಲೋಸಪ್ ಇಲ್ಲ. ಎಲ್ಲಿ ನೋಡಿದರೂ ಟ್ಯೂಬ್‌ಲೈಟು, ಪ್ಲಾಸ್ಟಿಕ್ ಕುರ್ಚಿ, ಬ್ಯಾಂಕಿನ ಕ್ಯಾಲೆಂಡರು. ಅವರನ್ನು ಹೊರಗೆ ಬಿಸಿಲಲ್ಲಿ ಕೂರಿಸಿ ಕಪ್ಪು-ಬಿಳುಪಿನಲ್ಲಿ ತೆಗೆಯಬಾರದಿತ್ತೇ?" ತಾವೂ ವೀಣೆ ಮಾಡುವವರ ಫೋಟೊ ತೆಗೆಯಲು ಹೊರಟಿರುವುದಾಗಿ ಹೇಳಿ, ಏನಾದರೂ ಸಲಹೆ ಇದೆಯೇ ಎಂದೂ ಕೇಳಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ.)

ನಮಸ್ಕಾರ. ಪತ್ರ ಖಾರವಾಗಿದೆ. ಆದರೆ ಹಿಂದಿನ ಗೋಡೆಯ ಕ್ಯಾಲೆಂಡರ್ ಯಾವ ಬ್ಯಾಂಕಿನದು ಅಂತ ನೋಡುವಷ್ಟು ಹತ್ತಿರದಿಂದ ಫೋಟೊ ನೋಡಿ ಬೈಯುವ ಓದುಗರು ಎಷ್ಟು ಜನ ಸಿಗುತ್ತಾರೆ? ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಕೈಗಳ ಕ್ಲೋಸಪ್ ನಮ್ಮ ಛಾಯಾಗ್ರಾಹಕರು ತೆಗೆದಿದ್ದರು. ನಾನೇ ಬೇಡ ಅಂದೆ. ಮುಖ ಕತ್ತರಿಸಿದ, ಉಗುರಿನ ಸಂದಿಯಲ್ಲಿ ಪಾಲಿಶ್ ಮೆತ್ತಿದ ಒಂದು ಜೊತೆ ಕೈ ನೋಡಲು ಚೆಂದವೇ. ಆದರೆ ಅದು ಯಾರ ಕೈ? ಬಡಗಿಯದೂ ಆಗಬಹುದು, ಚಮ್ಮಾರರದೂ ಆಗಬಹುದು. ಅದರಲ್ಲೂ ತಂಬೂರಿ ಕೆಲಸದಲ್ಲಿ ಕೈಗಿಂತ ಜಾಸ್ತಿ ದುಡಿಯುವುದು ಕಿವಿ.

ಜವಾರಿ ತೆಗೆಯುವುದನ್ನೇ, ಅಂದರೆ ತಂಬೂರಿಯ ಝೇಂಕಾರವನ್ನು ಹದಕ್ಕೆ ತರುವುದನ್ನೇ ನೋಡಿ. ತಂತಿ ಕೂರುವ ಕುದುರೆಯ ಮೇಲ್ಭಾಗ ಸಪಾಟಾಗಿ ಕಂಡರೂ ಸಪಾಟಲ್ಲ, ಕಣ್ಣಿಗೆ ಗೊತ್ತೇ ಆಗದಷ್ಟು ಬಾಗಿರುತ್ತದೆ. ಮೀಟಿದಾಗ ತಂತಿ ಆ ಬಾಗಿಗೆ ತಾಗುತ್ತ ಬಿಡುತ್ತ ಅದುರುತ್ತದೆ. ಆ ಝೇಂಕಾರ ಬರುವುದು ಅದರಿಂದ. ಸ್ವಲ್ಪ ಉಜ್ಜುತ್ತಾರೆ, ಮೀಟಿ ಕೇಳುತ್ತಾರೆ, ತಂತಿಯ ಕೆಳಗಿನ ಹತ್ತಿಯ ಎಳೆಯನ್ನು ಕೂದಲೆಳೆಯಷ್ಟು ಸರಿಸುತ್ತಾರೆ, ಮತ್ತೆ ಕೇಳುತ್ತಾರೆ, ಮತ್ತೆ ಉಜ್ಜುತ್ತಾರೆ. ಒಂದು ಸಲ ಜಾಸ್ತಿ ಉಜ್ಜಿದರೆ ಅಷ್ಟು ಹೊತ್ತಿನ ಕೆಲಸ ಕೆಟ್ಟಿತು. ಸಿ.ವಿ. ರಾಮನ್ 1921ರಲ್ಲಿ, ಕಲ್ಕತ್ತದಲ್ಲಿದ್ದಾಗ, ಇದೇ ಕುದುರೆಯ ಬಗ್ಗೆ ಬರೆದಿದ್ದರು. ತಂತಿಯನ್ನು ಇಂಥ ಜಾಗದಲ್ಲಿ ಮೀಟಿದರೆ ಇಂಥ ಉಪಸ್ವರಗಳು ಹುಟ್ಟಬಾರದು ಅನ್ನುವುದು ಪುಸ್ತಕದ ನಿಯಮ. ತಂಬೂರಿಯಲ್ಲಿ, ವೀಣೆಯಲ್ಲಿ ಅವು ಧಾರಾಳವಾಗಿ ಕೇಳಿಸುತ್ತವೆ, ಅದಕ್ಕೆ ಕಾರಣ ಕುದುರೆಯ ಆಕಾರ ಎಂದು ತೋರಿಸಿದರು. ಮಿರಜಿನವರು ಅದಕ್ಕೂ ಎಷ್ಟೋ ಮೊದಲಿನಿಂದ ಆ ಆಕಾರವನ್ನು ಕಿವಿಯಿಂದಲೇ ಅಳೆಯುತ್ತಿದ್ದರು. ಇದನ್ನು ಫೋಟೊದಲ್ಲಿ ಹೇಗೆ ತೋರಿಸುತ್ತೀರಿ? ನಮಗೆ ಹೊಳೆದದ್ದು ಒಂದೇ ದಾರಿ. ನೀವು "ಏನೂ ನಡೆಯುತ್ತಿಲ್ಲ" ಎಂದು ಬರೆದಿದ್ದೀರಲ್ಲ, ಆ ಎರಡನೇ ಪುಟದ ಚಿತ್ರ. ಕತ್ತು ವಾಲಿದೆ, ಕಣ್ಣು ಎಲ್ಲೋ ಇದೆ, ಉಜ್ಜುವ ಕಾನಸು ಅರ್ಧಕ್ಕೆ ನಿಂತಿದೆ. ಇನ್ನೊಂದು ಸಲ ಉಜ್ಜಲೋ ಬೇಡವೋ ಎಂದು ಅವರು ತೀರ್ಮಾನ ಮಾಡುತ್ತಿರುವ ಗಳಿಗೆ ಅದು. ಇಡೀ ಲೇಖನದಲ್ಲಿ ಅದಕ್ಕಿಂತ ಜಾಸ್ತಿ ಕೆಲಸ ನಡೆಯುತ್ತಿರುವ ಚಿತ್ರ ಇನ್ನೊಂದಿಲ್ಲ!

ಟ್ಯೂಬ್‌ಲೈಟಿಗೆ ಬರೋಣ. ಅವರು ಕೂರುವುದೇ ಅದರ ಕೆಳಗೆ. ಕೆತ್ತನೆಯ ಗೆರೆ ಕಾಣಬೇಕಲ್ಲ. ಬಕೆಟ್ಟಿನಲ್ಲಿ ನೆನೆಹಾಕಿದ, ಮುಂದೆ ತಂಬೂರಿಯ ಹೊಟ್ಟೆಯಾಗುವ ಸೋರೆಬುರುಡೆ ನಿಮಗೆ ಕಸದ ಹಾಗೆ ಕಂಡಿದೆ. ಪಂಢರಪುರದ ಕಡೆಯಿಂದ ಬರುವ ಆ ಬುರುಡೆ ಕಲ್ಲಿನಂತೆ ಒಣಗಿರುತ್ತದೆ, ನೆನೆಸದೆ ಕೊಯ್ದರೆ ಸೀಳುತ್ತದೆ. ಕೊಯ್ದು, ತಿರುಳು ಬೀಜ ಕೆರೆದು ತೆಗೆದು, ಆಕಾರ ಕುಗ್ಗದ ಹಾಗೆ ಒಳಗೆ ಕಡ್ಡಿ ಕೊಟ್ಟು ಒಣಗಿಸುತ್ತಾರೆ. ಬಕೆಟ್ ತೆಗೆದಿಟ್ಟು ಫೋಟೊ ತೆಗೆದರೆ ಈ ಕಥೆಯೂ ಹೋಯಿತು. ಪ್ಲಾಸ್ಟಿಕ್ ಕುರ್ಚಿ ಮಾತ್ರ ಸುಮ್ನೆ ಅಲ್ಲಿತ್ತು, ಒಪ್ಪುತ್ತೇನೆ. ಅವರ ಕುರ್ಚಿ, ಅವರ ಜಾಗ.

ಹೊರಗೆ ಬಿಸಿಲಲ್ಲಿ ಕೂರಿಸಿದರೆ ಒಳ್ಳೆಯ ಭಾವಚಿತ್ರ ಸಿಗುತ್ತದೆ, ಕೆಲಸದ ಚಿತ್ರ ಸಿಗುವುದಿಲ್ಲ. ಅಮೆರಿಕದ ಛಾಯಾಗ್ರಾಹಕ ಲೂಯಿಸ್ ಹೈನ್ 1920ರಲ್ಲಿ ತೆಗೆದ, ದೊಡ್ಡ ಸ್ಪ್ಯಾನರ್ ಹಿಡಿದು ಬೆನ್ನು ಬಾಗಿಸಿ ನಿಂತ ಮೆಕ್ಯಾನಿಕ್‌ನ ಚಿತ್ರ ನೀವು ನೋಡಿರಬಹುದು. ಅದ್ಭುತವಾಗಿದೆ. ಆದರೆ ಅದು ಭಂಗಿ ಹೇಳಿಕೊಟ್ಟು ತೆಗೆದದ್ದು. ಮನುಷ್ಯನ ತೋಳು ನೆನಪಿರುತ್ತದೆ, ಅವನು ಏನು ಬಿಗಿ ಮಾಡುತ್ತಿದ್ದ ಅನ್ನುವುದು ನೆನಪಿರುವುದಿಲ್ಲ. ಇನ್ನು ಕೆಲವು ಕೆಲಸಗಳನ್ನು "ಇನ್ನೊಮ್ಮೆ ಮಾಡಿ ತೋರಿಸಿ" ಅನ್ನಲೂ ಆಗದು. ನ್ಯೂಯಾರ್ಕಿನ ಸ್ಟೈನ್‌ವೇ ಪಿಯಾನೊ ಕಾರ್ಖಾನೆಯಲ್ಲಿ ಮೇಪಲ್ ಮರದ ತೆಳು ಪದರಗಳಿಗೆ ಅಂಟು ಬಳಿದು, ಹಲವರು ಸೇರಿ ಹೊತ್ತು ತಂದು, ಅಚ್ಚಿನ ಸುತ್ತ ಬಗ್ಗಿಸಿ ಬಿಗಿಯುತ್ತಾರೆ. ಅಂಟು ಕಾಯುವುದಿಲ್ಲ. ಕ್ಯಾಮೆರಾದವರು ಸಿದ್ಧರಿದ್ದರೆ ಸಿಕ್ಕಿತು, ಇಲ್ಲದಿದ್ದರೆ ಮುಂದಿನ ಪಿಯಾನೊ.

ಕಪ್ಪು-ಬಿಳುಪಿಗೆ ನನ್ನ ತಕರಾರು ಬೇರೆ. ನಮ್ಮ ಉತ್ತರ ಕರ್ನಾಟಕದವರಿಗೆ ಮಿರಜ್ ಅಂದರೆ ದೊಡ್ಡಾಸ್ಪತ್ರೆ, ರೈಲು ಜಂಕ್ಷನ್. ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರು ಅಂತಲೂ ಸಂಗೀತದವರಿಗೆ ಗೊತ್ತು. ಅಲ್ಲಿನ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಜಿಐ ಟ್ಯಾಗ್ (ಇಂಥ ಊರಿನದೇ ವಸ್ತು ಎಂಬ ಭೌಗೋಳಿಕ ಗುರುತು) ಸಿಕ್ಕಿತು. ಇವತ್ತು ಮಾಡಿ ಇವತ್ತು ಮಾರುವ ಜನ ಅವರು. ಬಣ್ಣ ತೆಗೆದ ಕೂಡಲೇ ನೋಡುವವರು "ಅಯ್ಯೋ, ನಶಿಸಿಹೋಗುತ್ತಿರುವ ಕಲೆ" ಅನ್ನಲು ಶುರುಮಾಡುತ್ತಾರೆ. ಜೊತೆಗೆ ಬಿಳಿಚಿಕೊಂಡ ಬುರುಡೆ ಪಾಲಿಶ್ ಕಂಡು ಕೆಂಪಗಾಗುವುದೂ ಕೆಲಸದ ಒಂದು ಭಾಗವೇ ಅಲ್ವಾ?

ಇನ್ನು ನಿಮ್ಮ ವೀಣೆ. ಮೊದಲ ಸಲ ಕ್ಯಾಮೆರಾ ಚೀಲದಲ್ಲೇ ಇರಲಿ. ಯಾವ ಕೆಲಸದ ನಂತರ ಯಾವುದು ಅಂತ ಕೇಳಿಕೊಳ್ಳಿ. ಸಾಧ್ಯವಾದರೆ ಮೇಳ ಕಟ್ಟುವ ದಿನ ಹೋಗಿ: 24 ಮೆಟ್ಟಿಲುಗಳನ್ನು ಮೇಣದಲ್ಲಿ ಒಂದೊಂದಾಗಿ ಕೂರಿಸಿ, ಸ್ವರ ಕೇಳಿ ಕೇಳಿ ಜಾಗ ಹಿಡಿಯುವ ಕೆಲಸ. ನಡುವೆ ಮಾತಾಡಿಸಬೇಡಿ. ನಿಮ್ಮ ಶಟರ್ ಸದ್ದು ಮಾಡುತ್ತಿದ್ದರೆ ಸೈಲೆಂಟ್‌ಗೆ ಹಾಕಿ. ಉಳಿ ಹಿಡಿದವರ ಮುಖಕ್ಕೆ ಫ್ಲ್ಯಾಶ್ ಹೊಡೆಯುವುದಂತೂ ಬೇಡವೇ ಬೇಡ. ಅಲ್ಲೂ ಟ್ಯೂಬ್‌ಲೈಟ್ ಇದ್ದೇ ಇರುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಹಳೆಯ ಟ್ಯೂಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ 1/50 ಅಥವಾ 1/100ರಲ್ಲಿ ಇಟ್ಟರೆ ಚಿತ್ರದಲ್ಲಿ ಪಟ್ಟೆ ಬೀಳುವುದಿಲ್ಲ, 1/500ಕ್ಕೆ ಹೋದರೆ ಬೀಳಬಹುದು. ಉಜ್ಜುವ ಕೈ ಸ್ವಲ್ಪ ಮಸುಕಾದರೆ ಆಗಲಿ, ಮುಖ ಸ್ಪಷ್ಟವಾಗಿ ಬಂದರೆ ಸಾಕು.

ಹೆಸರು ಹಾಕಬಹುದಾ ಅಂತ ಅವರನ್ನೇ ಕೇಳಿ. ಹೂಂ ಅಂದರೆ ಕಾಗುಣಿತ ತಪ್ಪದ ಹಾಗೆ ಬರೆದುಕೊಳ್ಳಿ. "ಒಬ್ಬ ಹಿರಿಯ ಕುಶಲಕರ್ಮಿ" ಅನ್ನುವ ಅಡಿಬರಹ ನಮ್ಮಲ್ಲಿ ನಡೆಯುವುದಿಲ್ಲ. ತೆಗೆದ ಫೋಟೊಗಳ ಪ್ರಿಂಟ್ ಅವರಿಗೆ ತಲುಪಿಸಿ, ಆಮೇಲೆ ನಮಗೂ ಕಳಿಸಿ, ಪ್ರತಿ ಚಿತ್ರದ ಕೆಳಗೆ ಅಲ್ಲಿ ಏನು ನಡೆಯುತ್ತಿದೆ ಅಂತ ಎರಡು ಸಾಲು ಬರೆದು. ಕೈಗಳ ಕ್ಲೋಸಪ್ ಕೂಡ ಇರಲಿ, ಮುಖದ ಚಿತ್ರದ ಪಕ್ಕ ಅದಕ್ಕೂ ಒಂದು ಜಾಗ ಕೊಡೋಣ.

— ಸಂ.