ಜಮೈಕಾದ ಡ್ಯಾನ್ಸ್‌ಹಾಲ್ ಸಂಗೀತ ಆಫ್ರಿಕಾದ ಜಿಂಬಾಬ್ವೆಯಲ್ಲಿ ಬೇರೂರಿದ್ದು ಹೇಗೆ? ಅದು ಬರೀ ನಕಲು ಅಲ್ವಾ?

ನನ್ನ ಪ್ರಕಾರ ದೊಡ್ಡ ಕಾರಣ, ಖರ್ಚು ಕಡಿಮೆ. 1970ರ ದಶಕದ ಕೊನೆಗೆ ಜಮೈಕಾದ ರಾಜಧಾನಿ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿದ ಈ ಸಂಗೀತದ ಜೀವಾಳ ‘ರಿಡಿಮ್’. ಅಂದ್ರೆ ಮೊದಲೇ ತಯಾರಾದ ತಾಳ ಮತ್ತು ಬೇಸ್‌ನ ಟ್ರ್ಯಾಕ್. ಒಂದೇ ರಿಡಿಮ್ ಮೇಲೆ ಹತ್ತಾರು ಜನ ತಮ್ಮ ತಮ್ಮ ಸಾಲು ಕಟ್ಟಿ ಹಾಡುತ್ತಾರೆ. 1985ರಲ್ಲಿ ಒಂದು ಪುಟ್ಟ ಕ್ಯಾಸಿಯೊ ಕೀಬೋರ್ಡ್‌ನಲ್ಲಿದ್ದ ರೆಡಿಮೇಡ್ ತಾಳದಿಂದ ‘ಸ್ಲೆಂಗ್ ಟೆಂಗ್’ ರಿಡಿಮ್ ಬಂತು. ಆಮೇಲೆ ಬ್ಯಾಂಡ್ ಇರಲೇಬೇಕು ಅಂತೇನೂ ಉಳಿಯಲಿಲ್ಲ.

ಜಿಂಬಾಬ್ವೆಗೂ ಜಮೈಕಾಕ್ಕೂ ನಂಟು ಹಳೆಯದು. 1980ರ ಏಪ್ರಿಲ್‌ನಲ್ಲಿ ಜಿಂಬಾಬ್ವೆಗೆ ಸ್ವಾತಂತ್ರ್ಯ ಬಂದಾಗ ಜಮೈಕಾದ ರೆಗ್ಗೆ ಗಾಯಕ ಬಾಬ್ ಮಾರ್ಲಿ ಹಾಡಿದ್ದು ಅಲ್ಲಿನ ರಾಜಧಾನಿಯ ಎಂಬಾರೆ ಬಡಾವಣೆಯ ರುಫಾರೊ ಸ್ಟೇಡಿಯಂನಲ್ಲಿ. ಮುಂದೆ ಇದೇ ಎಂಬಾರೆ ‘ಜಿಮ್‌ಡ್ಯಾನ್ಸ್‌ಹಾಲ್’ನ, ಅಂದ್ರೆ ಜಿಂಬಾಬ್ವೆಯ ಡ್ಯಾನ್ಸ್‌ಹಾಲ್‌ನ ತವರಾಯಿತು, ನೋಡಿ! ಇಲ್ಲಿ ಕೂಲಿ ಮಾಡಲು ಬಂದ ಒಂಟಿ ಗಂಡಸರಿಗೆ ಅಂತ ವಸಾಹತು ಕಾಲದಲ್ಲಿ ಕಟ್ಟಿದ ಹಾಸ್ಟೆಲ್‌ಗಳಲ್ಲಿ ಇವತ್ತು ಸಂಸಾರಗಳು ಕಿಕ್ಕಿರಿದಿವೆ. ಕೆಲಸವಿಲ್ಲದ ಹುಡುಗರಿಗೆ ಒಂದು ಕಂಪ್ಯೂಟರ್, ಒಂದು ಮೈಕ್ ಇರುವ ಸಣ್ಣ ಕೋಣೆಯೇ ಸ್ಟುಡಿಯೊ.

ನಕಲು ಅಂತ ಸುಮ್ನೆ ತಳ್ಳಿಹಾಕೋದು ಸರಿಯಲ್ಲ. ತಾಳ ಜಮೈಕಾದ್ದು, ನಿಜ. ಆದರೆ ಮಾತು ಅಲ್ಲಿನ ಜನರ ಶೋನಾ ಭಾಷೆಯದು, ಅದೂ ಬೀದಿಯ ಶೋನಾ. ಅಲ್ಲಿನ ಗಾಯಕರಾದ ವಿಂಕಿ ಡಿ, ಸೋಲ್ ಜಾ ಲವ್ ಹಾಡಿದ್ದು ತಮ್ಮ ಕೇರಿಯ ಬಡತನ, ನೋವು, ತಮಾಷೆಗಳನ್ನೇ. ಹಾಗಾಗಿ 2021ರಲ್ಲಿ ಸೋಲ್ ಜಾ ಲವ್ ತೀರಿಕೊಂಡಾಗ ಸಾವಿರಾರು ಜನ ಬೀದಿಗೆ ಬಂದರು.

ಇದರ ಜೊತೆ ಘಾನಾದ ಡ್ಯಾನ್ಸ್‌ಹಾಲ್ ಗಾಯಕರಾದ ಶಾಟ್ಟಾ ವಾಲೆ, ಸ್ಟೋನ್‌ಬಾಯ್ ಇಬ್ಬರ ಹಾಡುಗಳನ್ನೂ ಕೇಳಿ. ಅಲ್ಲಿನ ರುಚಿ ಬೇರೆ.