ಓದುಗರ ಪ್ರಶ್ನೆ, ನಮ್ಮ ಉತ್ತರ: 108 ವರ್ಷ ಕಾದು ಗೆದ್ದ ಶಿಕಾಗೊ ಕಬ್ಸ್

ಅಮೆರಿಕದ ವೃತ್ತಿಪರ ಬೇಸ್‌ಬಾಲ್ ತಂಡ ಶಿಕಾಗೊ ಕಬ್ಸ್ 1908ರಲ್ಲಿ ವರ್ಲ್ಡ್ ಸೀರೀಸ್ (ಅಲ್ಲಿನ ಎರಡು ಲೀಗ್‌ಗಳ ವಿಜೇತರ ನಡುವೆ ಪ್ರತಿವರ್ಷ ನಡೆಯುವ ಅಂತಿಮ ಸರಣಿ) ಗೆದ್ದ ಮೇಲೆ ಮತ್ತೊಮ್ಮೆ ಗೆಲ್ಲಲು 2016ರವರೆಗೆ ಕಾಯಬೇಕಾಯಿತು. ಆ ಋತುವಿನ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದ ಲೇಖನಕ್ಕೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಅನೇಕ ಪತ್ರಗಳು ಬಂದಿವೆ. ಒಂದೇ ವಿಷಯವನ್ನು ಕೇಳಿದವರಿಗೆ ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಹೋತದ ಶಾಪದಿಂದಾಗಿ ಈ ತಂಡ ಸೋಲುತ್ತಿತ್ತು ಎಂದು ಓದಿದ್ದೇನೆ. ನಿಮ್ಮ ಲೇಖನದಲ್ಲಿ ಅದರ ಪ್ರಸ್ತಾಪವೇ ಇಲ್ಲವಲ್ಲ?
(ಬಾದಾಮಿಯ ಓದುಗರು)

ಉತ್ತರ: ಬೇಕೆಂದೇ ಬಿಟ್ಟಿದ್ದೆ. ಕಥೆ ಇಷ್ಟು: 1945ರ ವರ್ಲ್ಡ್ ಸೀರೀಸ್‌ನ ನಾಲ್ಕನೆಯ ಪಂದ್ಯಕ್ಕೆ ಶಿಕಾಗೊದ ಪಾನಗೃಹವೊಂದರ ಮಾಲೀಕ ಬಿಲ್ಲಿ ಸಿಯಾನಿಸ್ ತಾನು ಸಾಕಿದ ಹೋತದೊಂದಿಗೆ ಕಬ್ಸ್ ತಂಡದ ತವರು ಮೈದಾನ ರಿಗ್ಲಿ ಫೀಲ್ಡ್‌ಗೆ ಬಂದ, ಹೋತಕ್ಕೆ ಒಳಗೆ ಜಾಗವಿಲ್ಲವೆಂದು ಹೊರಗೆ ಕಳಿಸಿದರು, ಇನ್ನು ಈ ತಂಡ ಗೆಲ್ಲುವುದಿಲ್ಲವೆಂದು ಆತ ಶಪಿಸಿದ. ಆ ಸರಣಿಯಲ್ಲಿ ಕಬ್ಸ್ ಡೆಟ್ರಾಯ್ಟ್ ಟೈಗರ್ಸ್ ಎದುರು ಸೋತಿತು. ಆಮೇಲೆ 71 ವರ್ಷ ಅದು ವರ್ಲ್ಡ್ ಸೀರೀಸ್‌ನ ಮುಖ ನೋಡಲಿಲ್ಲ ಎಂಬುದೂ ನಿಜ. ಆದರೆ ಹೋತ ಮೈದಾನಕ್ಕೆ ಬರುವ ಹೊತ್ತಿಗಾಗಲೇ ತಂಡ ಪ್ರಶಸ್ತಿ ಕಾಣದೆ 37 ವರ್ಷ ಕಳೆದಿದ್ದವು. 1910, 1918, 1929, 1932, 1935 ಮತ್ತು 1938ರಲ್ಲಿ ಅಂತಿಮ ಸರಣಿಯವರೆಗೆ ಬಂದು ಸೋತಿತ್ತು. ಆ ಆರು ಸೋಲುಗಳನ್ನು ಯಾವ ಹೋತದ ತಲೆಗೆ ಕಟ್ಟುವುದು?

ಶಾಪದ ಕಥೆಯ ಬಗ್ಗೆ ನನಗಿರುವ ಅಸಮಾಧಾನಕ್ಕೆ ಇನ್ನೂ ಗಂಭೀರವಾದ ಕಾರಣವಿದೆ. 2003ರಲ್ಲಿ ಫ್ಲೋರಿಡಾ ಮಾರ್ಲಿನ್ಸ್ ವಿರುದ್ಧದ ಲೀಗ್ ಫೈನಲ್ ಸರಣಿಯ ಆರನೆಯ ಪಂದ್ಯದಲ್ಲಿ ಕಬ್ಸ್ ಎಂಟನೆಯ ಇನ್ನಿಂಗ್ಸ್‌ನಲ್ಲಿ 3–0 ಮುಂದಿತ್ತು (ಬೇಸ್‌ಬಾಲ್ ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್, ಪ್ರತಿ ಇನ್ನಿಂಗ್ಸ್‌ನಲ್ಲಿ ಒಂದೊಂದು ತಂಡಕ್ಕೆ ಮೂರು ಔಟ್). ಎದುರಾಳಿಯ ಇನ್ನು ಐದು ಔಟ್ ಆಗಿದ್ದರೆ ವರ್ಲ್ಡ್ ಸೀರೀಸ್ ಪ್ರವೇಶ. ಆಗ ಗ್ಯಾಲರಿಯ ಅಂಚಿಗೆ ಬಂದ ಚೆಂಡಿಗೆ ಒಬ್ಬ ಪ್ರೇಕ್ಷಕ ಎಲ್ಲರಂತೆ ತಾನೂ ಕೈ ಚಾಚಿದ, ಕ್ಯಾಚ್ ತಪ್ಪಿತು. ನಂತರ ಶಾರ್ಟ್‌ಸ್ಟಾಪ್ (ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವಿನ) ಸ್ಥಾನದಲ್ಲಿದ್ದ ಆಟಗಾರ ಸುಲಭದ ಚೆಂಡನ್ನು ಕೈಬಿಟ್ಟ, ಚೆಂಡು ಎಸೆಯುವ ಪಿಚರ್‌ಗಳು ಹಿಡಿತ ಕಳೆದುಕೊಂಡರು, ಎದುರಾಳಿ ಒಂದೇ ಇನ್ನಿಂಗ್ಸ್‌ನಲ್ಲಿ ಎಂಟು ರನ್ ಬಾಚಿತು. ಮರುದಿನ ಏಳನೆಯ ಪಂದ್ಯವನ್ನೂ ಕಬ್ಸ್ ಸೋತಿತು. ಆದರೂ ಊರಿಗೆ ಊರೇ ಆ ಒಬ್ಬ ಪ್ರೇಕ್ಷಕನ ಮೇಲೆ ಮುಗಿಬಿದ್ದು, ಆತ ತಲೆಯೆತ್ತಿ ಓಡಾಡದಂತೆ ಮಾಡಿತು. ಆಟಗಾರರು ಮಾಡಿದ ತಪ್ಪನ್ನು ಶಾಪವೆಂದು ಕರೆಯತೊಡಗಿದರೆ ಅದನ್ನು ಹೊರಲು ಯಾರೋ ಒಬ್ಬ ಅಮಾಯಕ ಬೇಕಾಗುತ್ತಾನೆ. 2016ರ ಗೆಲುವಿನ ನಂತರ ತಂಡದ ಮಾಲೀಕರು ಆತನನ್ನು ಕರೆಸಿ, ಆಟಗಾರರಿಗೆ ಕೊಟ್ಟಂಥದೇ ಉಂಗುರವನ್ನು ಕೊಟ್ಟರು. ಅವರು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೊಂದು.

ಪ್ರಶ್ನೆ: 2012ರಲ್ಲಿ 101 ಪಂದ್ಯ ಸೋತ ತಂಡ ನಾಲ್ಕು ವರ್ಷಗಳಲ್ಲಿ ಹೇಗೆ ಗೆದ್ದಿತು? ಬೇಕೆಂದೇ ಸೋತರು ಎನ್ನುತ್ತಾರೆ, ನಿಜವೇ?
(ಜಮಖಂಡಿಯ ಕಬ್ಬು ಬೆಳೆಗಾರರು)

ಉತ್ತರ: ನಿಮ್ಮ ಕಸುಬಿನ ಭಾಷೆಯಲ್ಲೇ ಹೇಳಬಹುದು. ಕೂಳೆ ಕಬ್ಬಿನ ಇಳುವರಿ ವರ್ಷದಿಂದ ವರ್ಷಕ್ಕೆ ಕುಸಿಯುತ್ತಿದ್ದಾಗ ಅದಕ್ಕೇ ಗೊಬ್ಬರ ಸುರಿಯುತ್ತ ಹೋಗಬಹುದು, ಇಲ್ಲವೇ ಬೇರುಸಹಿತ ತೆಗೆದು, ಆದಾಯದ ನಷ್ಟವನ್ನು ನುಂಗಿಕೊಂಡು ಹೊಸ ಬೀಜ ನಾಟಿ ಮಾಡಬಹುದು. ಕಬ್ಸ್ ಎರಡನೆಯ ದಾರಿ ಹಿಡಿಯಿತು.

2011ರ ಅಕ್ಟೋಬರ್‌ನಲ್ಲಿ ತಂಡದ ಆಡಳಿತವನ್ನು ಥಿಯೊ ಎಪ್‌ಸ್ಟೀನ್ ಕೈಗೆ ಕೊಟ್ಟರು. ಬೋಸ್ಟನ್ ರೆಡ್ ಸಾಕ್ಸ್ ತಂಡ 86 ವರ್ಷಗಳ ಬಳಿಕ 2004ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಾಗ ಅದರ ಜನರಲ್ ಮ್ಯಾನೇಜರ್ ಆಗಿದ್ದವರು ಅವರೇ. ಹೆಸರು ಮಾಡಿದ ಆಟಗಾರರನ್ನು ಬೇರೆ ತಂಡಗಳಿಗೆ ಕೊಟ್ಟು, ಬದಲಿಗೆ ಇನ್ನೂ ಪಳಗದ ಹುಡುಗರನ್ನು ತರುವುದು ಅವರ ಕ್ರಮವಾಗಿತ್ತು. ಸ್ಯಾನ್ ಡಿಯಾಗೊದಿಂದ ಆಂಥನಿ ರಿಜ್ಜೊ ಬಂದರು. ಅನುಭವಿ ಪಿಚರ್ ರಯಾನ್ ಡೆಂಪ್‌ಸ್ಟರ್ ಅವರನ್ನು ಟೆಕ್ಸಾಸ್‌ಗೆ ಕೊಟ್ಟು ಕೈಲ್ ಹೆಂಡ್ರಿಕ್ಸ್ ಅವರನ್ನು ಪಡೆದರು. ಆಗ ಹೆಂಡ್ರಿಕ್ಸ್ ಹೆಸರನ್ನು ಕೇಳಿದವರೇ ಕಡಿಮೆ. ಬಾಲ್ಟಿಮೋರ್‌ನಲ್ಲಿ ನೆಲೆ ಕಾಣದೆ ತೊಳಲುತ್ತಿದ್ದ ಜೇಕ್ ಅರಿಯೆಟಾ 2013ರಲ್ಲಿ ಬಂದು, ಎರಡೇ ವರ್ಷಗಳಲ್ಲಿ ಕಬ್ಸ್ ಆಡುವ ನ್ಯಾಷನಲ್ ಲೀಗ್‌ನ ಶ್ರೇಷ್ಠ ಪಿಚರ್ ಪ್ರಶಸ್ತಿ ಪಡೆದರು. ಕೆಳಗಿನ ಸ್ಥಾನದಲ್ಲಿದ್ದ ತಂಡಗಳಿಗೆ ಹೊಸ ಪ್ರತಿಭೆಗಳ ಆಯ್ಕೆಯಲ್ಲಿ ಮೊದಲ ಸರದಿ ಸಿಗುವುದರಿಂದ 2013ರಲ್ಲಿ ಕ್ರಿಸ್ ಬ್ರಯಂಟ್, 2014ರಲ್ಲಿ ಕೈಲ್ ಶ್ವಾರ್ಬರ್ ಕಬ್ಸ್ ಪಾಲಾದರು. ಬೆಳೆ ತಲೆಯೆತ್ತಿದ ಮೇಲಷ್ಟೇ ದೊಡ್ಡ ಹಣ ಹೊರಗೆ ಬಂತು: 2014ರ ಕೊನೆಗೆ ಜೋ ಮ್ಯಾಡನ್ ಮ್ಯಾನೇಜರ್ (ಪಂದ್ಯದ ವೇಳೆ ತಂಡವನ್ನು ನಡೆಸುವ ಮುಖ್ಯ ತರಬೇತುದಾರ) ಆದರು, ಪಿಚರ್ ಜಾನ್ ಲೆಸ್ಟರ್ ಆರು ವರ್ಷಕ್ಕೆ 15.5 ಕೋಟಿ ಡಾಲರ್ ಒಪ್ಪಂದಕ್ಕೆ ಸಹಿ ಹಾಕಿದರು. ಗೆದ್ದ ಪಂದ್ಯಗಳ ಸಂಖ್ಯೆ 2012ರಿಂದ ವರ್ಷವಾರು 61, 66, 73, 97, 103.

ಬೇಕೆಂದೇ ಸೋತರೇ ಎಂಬ ಮಾತಿಗೆ ಬಂದರೆ, ಮೈದಾನದಲ್ಲಿದ್ದ ಯಾವ ಆಟಗಾರನೂ ಸೋಲಲು ಆಡಲಿಲ್ಲ. ಆದರೆ ಗೆಲ್ಲುವ ಶಕ್ತಿಯಿಲ್ಲದ ತಂಡವನ್ನು ಆಡಳಿತ ತಿಳಿದೇ ಕಣಕ್ಕಿಳಿಸಿತು. ಟಿಕೆಟ್ ಕೊಂಡು ಬಂದ ಜನರಿಗೆ ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಫಲ ಒಳ್ಳೆಯದಾಯಿತೆಂಬ ಕಾರಣಕ್ಕೆ ಅದು ನ್ಯಾಯವಾಗುವುದಿಲ್ಲ. ಇದೇ ಹಾದಿ ತುಳಿದ ಹೂಸ್ಟನ್ ಆಸ್ಟ್ರೋಸ್ 2017ರಲ್ಲಿ ಗೆದ್ದಿತು. ಆಮೇಲೆ ಈ ಕ್ರಮವನ್ನು ಅನುಸರಿಸಹೊರಟ ತಂಡಗಳೆಲ್ಲ ಗೆದ್ದಿಲ್ಲ.

ಪ್ರಶ್ನೆ: ಒಂದು ಋತುವಿಗೆ 162 ಪಂದ್ಯ ಎಂದಿದ್ದೀರಿ. 2016ರ 103 ಗೆಲುವು, 58 ಸೋಲು ಕೂಡಿಸಿದರೆ 161 ಆಗುತ್ತದೆ.
(ಗೋಕಾಕದ ಓದುಗರು)

ಉತ್ತರ: ಒಂದು ಪಂದ್ಯ ಸಮವಾಯಿತು. ಸೆಪ್ಟೆಂಬರ್ 29ರಂದು ಪಿಟ್ಸ್‌ಬರ್ಗ್‌ನಲ್ಲಿ 1–1 ಇದ್ದಾಗ ಮಳೆ ಸುರಿದು ಆಟ ನಿಂತಿತು. ಬೇಸ್‌ಬಾಲ್‌ನಲ್ಲಿ ಸಮ ಪಂದ್ಯವೆಂಬುದು ತೀರ ಅಪರೂಪ. ಕಬ್ಸ್ ಆ ಹೊತ್ತಿಗಾಗಲೇ ತನ್ನ ವಿಭಾಗವನ್ನು ಗೆದ್ದುಕೊಂಡಿದ್ದರಿಂದ ಮರುಪಂದ್ಯದ ಅಗತ್ಯ ಬೀಳಲಿಲ್ಲ.

ಪ್ರಶ್ನೆ: ನಾನು ಶಾಲಾ ತಂಡದಲ್ಲಿ ಸಾಫ್ಟ್‌ಬಾಲ್ ಆಡುತ್ತಿದ್ದೆ. ವೇಗವಾಗಿ ಎಸೆಯದ ಹೆಂಡ್ರಿಕ್ಸ್ ಅಷ್ಟು ಒಳ್ಳೆಯ ಪಿಚರ್ ಹೇಗಾದರು?
(ವಿಜಯಪುರದ ಕಾಲೇಜು ವಿದ್ಯಾರ್ಥಿನಿ)

ಉತ್ತರ: ಈ ಪ್ರಶ್ನೆ ಓದಿ ಬಹಳ ಸಂತೋಷವಾಯಿತು, ಏಕೆಂದರೆ ಆ ಋತುವಿನಲ್ಲಿ ನನಗೆ ಅತ್ಯಂತ ಪ್ರಿಯನಾದ ಆಟಗಾರ ಆತನೇ. ಸಾಫ್ಟ್‌ಬಾಲ್‌ನಲ್ಲಿ ಪಿಚರ್ ಕೈಯನ್ನು ಕೆಳಗಿನಿಂದ ಬೀಸಿ ಎಸೆದರೆ, ಬೇಸ್‌ಬಾಲ್‌ನಲ್ಲಿ ಸಾಮಾನ್ಯವಾಗಿ ಭುಜದ ಮೇಲಿನಿಂದ, 60 ಅಡಿ 6 ಅಂಗುಲ ದೂರದಿಂದ ಎಸೆಯುತ್ತಾರೆ. ಕಬ್ಸ್‌ನ ಅರೋಲ್ಡಿಸ್ ಚಾಪ್‌ಮನ್ ಗಂಟೆಗೆ 160 ಕಿ.ಮೀ. ಮೀರಿ ಎಸೆಯುತ್ತಿದ್ದರು, ಹೆಂಡ್ರಿಕ್ಸ್ ವೇಗ ಸುಮಾರು 140. ಆದರೂ 2016ರಲ್ಲಿ ಪ್ರತಿ ಒಂಬತ್ತು ಇನ್ನಿಂಗ್ಸ್‌ಗೆ ಹೆಂಡ್ರಿಕ್ಸ್ ಬಿಟ್ಟುಕೊಟ್ಟ ರನ್‌ಗಳ ಸರಾಸರಿ 2.13, ಎರಡೂ ಲೀಗ್‌ಗಳಲ್ಲಿ ಅದೇ ಅತ್ಯಂತ ಕಡಿಮೆ.

ಗುಟ್ಟು ಚೇಂಜಪ್ ಎಸೆತದಲ್ಲಿದೆ. ತೋಳು ಬೀಸುವ ರಭಸ, ಚೆಂಡು ಬಿಡುವ ಎತ್ತರ, ಮುಖದ ಮೇಲಿನ ಭಾವ, ಎಲ್ಲವೂ ವೇಗದ ಎಸೆತದಂತೆಯೇ ಇರುತ್ತವೆ. ಆದರೆ ಚೆಂಡನ್ನು ಬೆರಳ ತುದಿಯ ಬದಲು ಅಂಗೈಯತ್ತ ಹಿಡಿದಿರುವುದರಿಂದ ಅದು ಹತ್ತು ಹನ್ನೆರಡು ಕಿ.ಮೀ. ನಿಧಾನವಾಗಿ ಬಂದು, ಕೊನೆಗೆ ಕೆಳಕ್ಕೆ ಜಾರುತ್ತದೆ. ಬ್ಯಾಟರ್ ಮೊದಲೇ ಬೀಸಿಬಿಟ್ಟಿರುತ್ತಾನೆ. ಬ್ಯಾಟಿನ ಅಂಚಿಗೆ ತಗುಲಿದ ಚೆಂಡು ನೆಲ ಹಿಡಿದು ಉರುಳುತ್ತದೆ. ಅದನ್ನು ಹಿಡಿಯಲು ಜೇವಿಯರ್ ಬಯಸ್, ಆಡಿಸನ್ ರಸೆಲ್, ರಿಜ್ಜೊ ಇದ್ದರು. ಆ ವರ್ಷದ ಕಬ್ಸ್ ಕ್ಷೇತ್ರರಕ್ಷಣೆಗೆ ಸಾಟಿಯಿರಲಿಲ್ಲ. ಅಕ್ಟೋಬರ್ 22ರಂದು ಲಾಸ್ ಏಂಜಲೀಸ್ ಡಾಡ್ಜರ್ಸ್ ವಿರುದ್ಧ, ಆ ಕಾಲದ ಅತಿ ಶ್ರೇಷ್ಠ ಪಿಚರ್ ಕ್ಲೇಟನ್ ಕರ್ಷಾ ಎದುರಿಗಿದ್ದಾಗ, ಹೆಂಡ್ರಿಕ್ಸ್ ಎಸೆತದಲ್ಲಿ ತಂಡ 5–0 ಗೆದ್ದು ವರ್ಲ್ಡ್ ಸೀರೀಸ್ ಪ್ರವೇಶಿಸಿತು.

ಪ್ರಶ್ನೆ: ಏಳನೆಯ ಪಂದ್ಯದಲ್ಲಿ ಮಳೆಯೇ ಕಬ್ಸ್ ತಂಡವನ್ನು ಗೆಲ್ಲಿಸಿತು ಎನ್ನುತ್ತಾರೆ. ಸ್ವಲ್ಪ ವಿವರವಾಗಿ ತಿಳಿಸಿ.
(ಬೆಳಗಾವಿ ಟಿಳಕವಾಡಿಯ ನಿವೃತ್ತ ಶಿಕ್ಷಕರು)

ಉತ್ತರ: ಏಳು ಪಂದ್ಯಗಳ ವರ್ಲ್ಡ್ ಸೀರೀಸ್‌ನಲ್ಲಿ ಎದುರಾಳಿ ಕ್ಲೀವ್‌ಲ್ಯಾಂಡ್ 3–1 ಮುಂದಿತ್ತು. ಕಬ್ಸ್ ಐದನೆಯದನ್ನು 3–2ರಿಂದ, ಆರನೆಯದನ್ನು 9–3ರಿಂದ ಗೆದ್ದು ಸಮ ಮಾಡಿಕೊಂಡಿತು. ಕೊನೆಯ ಪಂದ್ಯ ಕ್ಲೀವ್‌ಲ್ಯಾಂಡ್‌ನಲ್ಲಿ ನವೆಂಬರ್ 2ರ ರಾತ್ರಿ ನಡೆಯಿತು. ನಮ್ಮಲ್ಲಿ ರಾಜ್ಯೋತ್ಸವದ ಮೆರವಣಿಗೆ ಮುಗಿದು ಎರಡು ದಿನಗಳಾಗಿದ್ದವು. ನವೆಂಬರ್ 3ರ ಬೆಳಗಿನ ಐದೂವರೆಯ ಸುಮಾರಿಗೆ ಶುರುವಾದ ಆಟ ಮುಗಿದಾಗ ನಮ್ಮ ಗಡಿಯಾರದಲ್ಲಿ ಹತ್ತು ದಾಟಿತ್ತು.

ಡೆಕ್ಸ್‌ಟರ್ ಫೌಲರ್ ಪಂದ್ಯದ ಆರಂಭದಲ್ಲೇ ಹೋಮ್ ರನ್ (ಗೋಡೆ ದಾಟುವ ಹೊಡೆತ) ಹೊಡೆದರು. ಐದನೆಯ ಇನ್ನಿಂಗ್ಸ್ ಹೊತ್ತಿಗೆ ಕಬ್ಸ್ 5–1 ಮುಂದಿತ್ತು, ಹೆಂಡ್ರಿಕ್ಸ್ ಸೊಗಸಾಗಿ ಎಸೆಯುತ್ತಿದ್ದರು. ಎರಡು ಔಟ್ ಆದ ಮೇಲೆ ಒಬ್ಬ ಬ್ಯಾಟರ್‌ಗೆ ಉಚಿತ ಬೇಸ್ (ನಾಲ್ಕು ತಪ್ಪು ಎಸೆತಗಳಿಗೆ ಸಿಗುವ ಮೊದಲ ಬೇಸ್) ಹೋದದ್ದೇ ತಡ, ಹೆಂಡ್ರಿಕ್ಸ್ ಅವರನ್ನು ಮ್ಯಾಡನ್ ತೆಗೆದುಬಿಟ್ಟರು. ಅದು ತಪ್ಪು ನಿರ್ಧಾರವೆಂದು ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ. ಅದಕ್ಕಿಂತ ದೊಡ್ಡ ತಪ್ಪು ಹಿಂದಿನ ರಾತ್ರಿಯದು: ಗೆಲುವು ಕೈಯಲ್ಲಿದ್ದ ಆರನೆಯ ಪಂದ್ಯದಲ್ಲಿ ಚಾಪ್‌ಮನ್ ಅವರನ್ನು ಏಳನೆಯ ಇನ್ನಿಂಗ್ಸ್‌ನಿಂದಲೇ ದುಡಿಸಿದ್ದರು. ದಣಿದ ತೋಳಿನೊಂದಿಗೆ ಎಂಟನೆಯ ಇನ್ನಿಂಗ್ಸ್‌ನಲ್ಲಿ ಬಂದ ಚಾಪ್‌ಮನ್ ಎಸೆತಗಳಲ್ಲಿ ಎಂದಿನ ಹರಿತವಿರಲಿಲ್ಲ. ಕ್ಲೀವ್‌ಲ್ಯಾಂಡ್‌ನ ರಾಜೈ ಡೇವಿಸ್ ಬ್ಯಾಟನ್ನು ಮೇಲೆ ಹಿಡಿದು ಬೀಸಿದ ಹೊಡೆತ ಎಡಬದಿಯ ಗೋಡೆ ದಾಟಿತು. ಸ್ಕೋರು 6–6.

ಒಂಬತ್ತು ಇನ್ನಿಂಗ್ಸ್ ಮುಗಿದಾಗ ಮಳೆ ಬಂತು. 17 ನಿಮಿಷ ಆಟ ನಿಂತಿತು. ಇಡೀ ಋತುವಿನಲ್ಲಿ ಬ್ಯಾಟಿಂಗ್‌ನಲ್ಲಿ ವಿಫಲರಾಗಿದ್ದ ಜೇಸನ್ ಹೇವರ್ಡ್ ಆಟಗಾರರನ್ನು ವ್ಯಾಯಾಮದ ಕೋಣೆಗೆ ಕರೆದು, ನಾವೇ ಶ್ರೇಷ್ಠ ತಂಡವೆಂಬುದನ್ನು ಮರೆಯಬೇಡಿ ಎಂಬರ್ಥದ ಮಾತಾಡಿದರು. ಮಳೆ ನಿಂತ ಮೇಲೆ ಹತ್ತನೆಯ ಇನ್ನಿಂಗ್ಸ್‌ನ ಮೊದಲ ಹೊಡೆತ ಶ್ವಾರ್ಬರ್ ಅವರದು. ಏಪ್ರಿಲ್ 7ರಂದು ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡು, ಋತುವೇ ಮುಗಿಯಿತೆಂದು ಎಲ್ಲರೂ ಕೈಬಿಟ್ಟಿದ್ದ ಆಟಗಾರ ಅವರು. ಅವರ ಬದಲಿಗೆ ಓಡಲು ಬಂದ ಆಲ್ಬರ್ಟ್ ಅಲ್ಮೋರಾ, ಬ್ರಯಂಟ್ ಎತ್ತಿ ಹೊಡೆದ ಚೆಂಡು ಕ್ಯಾಚ್ ಆದ ಕ್ಷಣಕ್ಕೆ ಸರಿಯಾಗಿ ಹೊರಟು ಎರಡನೆಯ ಬೇಸ್ ತಲುಪಿದರು. ನನ್ನ ದೃಷ್ಟಿಯಲ್ಲಿ ಸರಣಿಯ ಅತ್ಯಂತ ಜಾಣ ಓಟ ಅದು. ಬೆನ್ ಜೋಬ್ರಿಸ್ಟ್ ಎಡಗೆರೆಯುದ್ದಕ್ಕೂ ಹೊಡೆದ ಚೆಂಡಿಗೆ ಅಲ್ಮೋರಾ ಓಡಿ ಬಂದು ರನ್ ಗಳಿಸಿದರು, ಮಿಗೆಲ್ ಮೊಂಟೆರೊ ಇನ್ನೊಂದು ರನ್ ತಂದರು. ಕ್ಲೀವ್‌ಲ್ಯಾಂಡ್ ಒಂದನ್ನು ಮರಳಿಸಿತು. ಕೊನೆಗೆ ಮೈಕ್ ಮಾಂಟ್‌ಗೊಮೆರಿ ಎಸೆತಕ್ಕೆ ನಿಧಾನವಾಗಿ ಉರುಳಿ ಬಂದ ಚೆಂಡನ್ನು ಬ್ರಯಂಟ್ ಹೆಕ್ಕಿ ರಿಜ್ಜೊಗೆ ಎಸೆದರು: 8–7.

ಮಳೆ ಗೆಲ್ಲಿಸಲಿಲ್ಲ. ಕುಸಿದಿದ್ದವರಿಗೆ ಉಸಿರು ತೆಗೆದುಕೊಳ್ಳಲು ಸಮಯ ಕೊಟ್ಟಿತು. ಆ ಸಮಯವನ್ನು ಬಳಸಿಕೊಳ್ಳಬಲ್ಲ ಆಟಗಾರರು ಇದ್ದರು.

ಪ್ರಶ್ನೆ: ಆರ್‌ಸಿಬಿ ಅಭಿಮಾನಿಗಳು 18 ವರ್ಷ ಕಾದದ್ದಕ್ಕೂ ಇದಕ್ಕೂ ಹೋಲಿಕೆ ಇದೆಯೇ?
(ಇಳಕಲ್ಲಿನ ಓದುಗರು)

ಉತ್ತರ: ಇದೆ, ಒಂದು ಮಿತಿಯವರೆಗೆ. ಕಬ್ಸ್ ಗೆದ್ದ 2016ರಲ್ಲೇ ಆರ್‌ಸಿಬಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಎಂಟು ರನ್‌ಗಳಿಂದ ಫೈನಲ್ ಸೋತ ನೋವು ನಮಗೆಲ್ಲ ನೆನಪಿದೆ. 2025ರ ಜೂನ್ 3ರಂದು ಕಪ್ ಬಂತು. ಮರುದಿನವೇ ಬೆಂಗಳೂರಿನ ಕಾಲ್ತುಳಿತದಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಅವರನ್ನು ನೆನೆಯದೆ ಆ ಗೆಲುವಿನ ಬಗ್ಗೆ ಬರೆಯಲು ನನಗೆ ಮನಸ್ಸಾಗುವುದಿಲ್ಲ.

ವ್ಯತ್ಯಾಸವಿರುವುದು ಕಾಲದ ಅಳತೆಯಲ್ಲಿ. 18 ವರ್ಷ ಕಾದವರು ಬಹುಪಾಲು ಗೆಲುವನ್ನು ತಾವೇ ನೋಡಿದರು. 108 ವರ್ಷಗಳಲ್ಲಿ ಹುಟ್ಟಿ, ಇದೇ ತಂಡವನ್ನು ನಂಬಿ, ಏನೂ ಕಾಣದೆ ಹೋದವರು ಲಕ್ಷಾಂತರ. ತಂಡದ ಅತ್ಯಂತ ಪ್ರೀತಿಪಾತ್ರ ಆಟಗಾರ ಅರ್ನಿ ಬ್ಯಾಂಕ್ಸ್ ಕೂಡ 2015ರ ಜನವರಿಯಲ್ಲಿ ತೀರಿಕೊಂಡರು. ಸರಣಿ ನಡೆಯುತ್ತಿದ್ದಾಗ ಮತ್ತು ಗೆದ್ದ ಮೇಲೆ ಜನರು ರಿಗ್ಲಿ ಫೀಲ್ಡ್‌ನ ಹೊರಗಿನ ಇಟ್ಟಿಗೆ ಗೋಡೆಯ ಮೇಲೆ ಬಣ್ಣಬಣ್ಣದ ಸೀಮೆಸುಣ್ಣದಿಂದ ಸತ್ತುಹೋದ ಅಜ್ಜ, ಅಪ್ಪ, ಅಮ್ಮಂದಿರ ಹೆಸರು ಬರೆದರು. ಕೈಗೆಟಕುವ ಜಾಗ ತುಂಬಿದಾಗ ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಹತ್ತಿ ಬರೆದರು.

ಪ್ರಶ್ನೆ: ಆ ತಂಡ ಮತ್ತೆ ಗೆದ್ದಿತೇ?
(ಬೈಲಹೊಂಗಲ ಮತ್ತು ಮುಧೋಳದ ಓದುಗರು)

ಉತ್ತರ: ಇಲ್ಲ. 2017ರಲ್ಲಿ ಡಾಡ್ಜರ್ಸ್ ಎದುರು ಲೀಗ್ ಫೈನಲ್‌ನಲ್ಲಿ ಸೋತಿತು. ಅಷ್ಟು ಎಳೆಯ ತಂಡ ಇನ್ನೂ ಎರಡು ಮೂರು ಬಾರಿಯಾದರೂ ಗೆಲ್ಲಬೇಕಿತ್ತು ಎಂಬುದು ನನ್ನ ದೃಢ ಅಭಿಪ್ರಾಯ. ಬ್ಯಾಟಿಂಗ್ ಸುಧಾರಿಸಲಿಲ್ಲ, ತಾವೇ ಬೆಳೆಸಿದ ಹೊಸ ಪಿಚರ್‌ಗಳು ಮೇಲೆ ಬರಲಿಲ್ಲ. ಮ್ಯಾಡನ್ 2019ರಲ್ಲಿ, ಎಪ್‌ಸ್ಟೀನ್ 2020ರಲ್ಲಿ ಹೊರನಡೆದರು. 2021ರ ಜುಲೈ ಕೊನೆಯಲ್ಲಿ ಎರಡೇ ದಿನಗಳ ಅಂತರದಲ್ಲಿ ರಿಜ್ಜೊ ನ್ಯೂಯಾರ್ಕ್ ಯಾಂಕೀಸ್‌ಗೆ, ಬ್ರಯಂಟ್ ಸ್ಯಾನ್ ಫ್ರಾನ್ಸಿಸ್ಕೊಗೆ, ಬಯಸ್ ನ್ಯೂಯಾರ್ಕ್ ಮೆಟ್ಸ್‌ಗೆ ಹೋದರು. ಅವರ ಬದಲಿಗೆ ಕಬ್ಸ್ ಪಡೆದದ್ದು ಮತ್ತೆ ಪಳಗದ ಹುಡುಗರನ್ನೇ. ಅವರಲ್ಲಿ ಬಯಸ್ ಬದಲಿಗೆ ಬಂದ ಪೀಟ್ ಕ್ರೋ-ಆರ್ಮ್‌ಸ್ಟ್ರಾಂಗ್ ಆಟವನ್ನು, ಬಿಡುವಿದ್ದಾಗ, ದಯವಿಟ್ಟು ನೋಡಿ.