ಕ್ಲಚ್ ಕೈಕೊಟ್ಟಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು ಆರು ವರ್ಷದ ಡೀಸೆಲ್ ಕಾರು. ಕಳೆದ ವಾರ ಆಗುಂಬೆ ಘಾಟಿ ಹತ್ತಿ ಮೇಲೆ ಬಂದು ನಿಲ್ಲಿಸುವಾಗ ಕ್ಲಚ್ ಪೆಡಲ್ ಸೀದಾ ಕೆಳಗೆ ಹೋಯಿತು, ವಾಪಸ್ ಬರಲಿಲ್ಲ. ಕಾಲಿನಿಂದ ಎತ್ತಿ ಎತ್ತಿ ನಾಲ್ಕೈದು ಸಲ ಒತ್ತಿದ ಮೇಲೆ ಗೇರ್ ಬಿತ್ತು. ಎಂಜಿನ್ ಆಫ್ ಇದ್ದರೆ ಎಲ್ಲ ಗೇರೂ ಸಲೀಸಾಗಿ ಬೀಳುತ್ತವೆ. ಗ್ಯಾರೇಜಿನಲ್ಲಿ ಕ್ಲಚ್ ಸೆಟ್ ಪೂರ್ತಿ ಬದಲಿಸಬೇಕು ಅನ್ನುತ್ತಿದ್ದಾರೆ. ಬದಲಿಸಲೇಬೇಕೆ?
(ತೀರ್ಥಹಳ್ಳಿಯಿಂದ)

ಉತ್ತರ: ಸದ್ಯಕ್ಕೆ ಬೇಡ. ನಾಲ್ಕೈದು ಸಲ ಒತ್ತಿದ ಮೇಲೆ ಗೇರ್ ಬಿತ್ತು ಅಂದಿರಲ್ಲ, ಸವೆದ ಪ್ಲೇಟ್ (ಎಂಜಿನ್ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಕ್ಲಚ್ಚಿನ ಬಿಲ್ಲೆ) ಹಾಗೆ ನಡೆದುಕೊಳ್ಳುವುದಿಲ್ಲ. ಪ್ಲೇಟ್ ಸವೆಯುವುದು ನಿಧಾನವಾಗಿ. ಸವೆದಾಗ ಏರಿನಲ್ಲಿ ಎಂಜಿನ್ ಬರೀ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ. ಪೆಡಲ್ ದಿಢೀರನೆ ಕೆಳಗೆ ಬಿದ್ದರೆ ಮೊದಲು ನೋಡಬೇಕಾದದ್ದು ನಿಮ್ಮ ಪಾದದಿಂದ ಪ್ಲೇಟಿನವರೆಗಿನ ದಾರಿಯನ್ನು. ನಿಮ್ಮ ಕಾರಿನಲ್ಲಿ ಆ ದಾರಿ ಬ್ರೇಕ್ ಆಯಿಲ್ ತುಂಬಿದ ಪೈಪು. ಪೆಡಲ್ ಒತ್ತಿದರೆ ಮೇಲಿನ ಮಾಸ್ಟರ್ ಸಿಲಿಂಡರ್ ಆಯಿಲನ್ನು ತಳ್ಳುತ್ತದೆ, ಗೇರ್‌ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರ್ ಅದರ ಒತ್ತಡಕ್ಕೆ ಫೋರ್ಕನ್ನು, ಅಂದರೆ ಕ್ಲಚ್ ಬಿಡಿಸುವ ಕವಲು ಸನ್ನೆಯನ್ನು ನೂಕುತ್ತದೆ. ಆಯಿಲ್ ಸೋರಿದರೆ ಅಥವಾ ಒಳಗೆ ಗಾಳಿ ಸೇರಿದರೆ ಒತ್ತಿದ್ದೆಲ್ಲ ವ್ಯರ್ಥ. ಮತ್ತೆ ಮತ್ತೆ ಒತ್ತಿದಾಗ ಸ್ವಲ್ಪ ಒತ್ತಡ ಕೂಡಿಕೊಂಡು ಗೇರ್ ಬೀಳುತ್ತದೆ. ಫೋರ್ಕೋ, ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟಿನ ಸ್ಪ್ರಿಂಗೋ ಮುರಿದಿದ್ದರೆ ಎಷ್ಟು ಸಲ ಒತ್ತಿದರೂ ಪ್ರಯೋಜನವಾಗುತ್ತಿರಲಿಲ್ಲ.

ಮೊದಲು ಪೆಡಲ್ ಕೆಳಗೆ ಮ್ಯಾಟ್ ಮುದುಡಿ ಸಿಕ್ಕಿಕೊಂಡಿಲ್ಲವೆಂದು ನೋಡಿ. ಆಮೇಲೆ ಬಾನೆಟ್ ಎತ್ತಿ ಆಯಿಲ್ ಡಬ್ಬಿ ನೋಡಿ. ಬಹಳಷ್ಟು ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ. ಕ್ಲಚ್ಚಿನ ಪೈಪು ಡಬ್ಬಿಯ ಪಕ್ಕದಿಂದ, ತುಸು ಎತ್ತರದಲ್ಲಿ ಹೊರಟಿರುತ್ತದೆ. ಕ್ಲಚ್ ಕಡೆ ಸೋರಿದರೂ ಬ್ರೇಕಿಗೆ ಆಯಿಲ್ ಉಳಿಯಲಿ ಎಂದೇ ಹಾಗೆ ಮಾಡಿರುವುದು. ಆಯಿಲ್ ಸರಿಯಾಗಿ ಆ ಪೈಪಿನ ಬಾಯಿಯವರೆಗೆ ಇಳಿದಿದ್ದರೆ ಸೋರುತ್ತಿರುವುದು ಕ್ಲಚ್ ಕಡೆಯೇ ಎಂದು ಹೆಚ್ಚುಕಡಿಮೆ ಹೇಳಬಹುದು.

ಸೋರಿಕೆ ಹುಡುಕುವ ಜಾಗ ಎರಡು. ಒಂದು, ಕಾರಿನೊಳಗೆ ಪೆಡಲಿನ ಮೇಲ್ಭಾಗ. ಮಾಸ್ಟರ್ ಸಿಲಿಂಡರಿನ ರಾಡ್ ಹೊರಬರುವಲ್ಲಿ ಬೆರಳು ಆಡಿಸಿ. ಜಾರುಜಾರಾಗಿ ಒದ್ದೆಯಿದ್ದರೆ, ಕೆಳಗಿನ ಕಾರ್ಪೆಟ್ ಅಂಟಂಟಾಗಿದ್ದರೆ ಮಾಸ್ಟರಿನ ಸೀಲ್ ಹೋಗಿದೆ. ಇನ್ನೊಂದು, ಕೆಳಗಿನ ಸ್ಲೇವ್ ಸಿಲಿಂಡರ್. ಅದರ ತುದಿಯ ರಬ್ಬರ್ ಟೊಪ್ಪಿಗೆಯನ್ನು ಮೆಲ್ಲಗೆ ಹಿಂದಕ್ಕೆ ಮಡಚಿ. ಒಳಗೆ ಒಣ ಧೂಳಿದ್ದರೆ ಚಿಂತೆಯಿಲ್ಲ. ಕರಿ ನೀರಿನಂಥ ಆಯಿಲ್ ತೊಟ್ಟಿಕ್ಕಿದರೆ ಕಳ್ಳ ಸಿಕ್ಕಿದ. ಸೀಲ್ ಕಿಟ್ ಅಥವಾ ಸ್ಲೇವ್ ಸಿಲಿಂಡರ್ ಬದಲಿಸಿದರೆ ಸಾಕು, ಗೇರ್‌ಬಾಕ್ಸ್ ಇಳಿಸುವ ಮಾತೇ ಇಲ್ಲ. ಕೆಲವು ಕಾರುಗಳಲ್ಲಿ ಮಾತ್ರ ಸ್ಲೇವ್ ಸಿಲಿಂಡರ್ ಗೇರ್‌ಬಾಕ್ಸಿನ ಒಳಗೆ, ಕ್ಲಚ್ ಬಿಡಿಸಲು ಒತ್ತುವ ರಿಲೀಸ್ ಬೇರಿಂಗಿನ ಜೊತೆಗೇ ಇರುತ್ತದೆ. ಆಗ ಆಯಿಲ್ ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವಿನ ಸಂದಿಯಿಂದ ಕೆಳಗೆ ತೊಟ್ಟಿಕ್ಕುತ್ತದೆ. ಅಂಥ ಗಾಡಿಗೆ ಗೇರ್‌ಬಾಕ್ಸ್ ಇಳಿಸಲೇಬೇಕು. ಇಳಿಸಿದ ಮೇಲೆ ಪ್ಲೇಟ್ ಅರ್ಧ ಸವೆದಿದ್ದರೂ ಬದಲಿಸಿಬಿಡುವುದು ಲಾಭ, ಮತ್ತೆ ಅದೇ ಕೂಲಿ ಕೊಡುವುದು ತಪ್ಪುತ್ತದೆ.

ಹೊರಗೆಲ್ಲೂ ಒದ್ದೆಯಿಲ್ಲವೇ? ಸಮತಟ್ಟು ಜಾಗದಲ್ಲಿ ಎಂಜಿನ್ ಚಾಲೂ ಮಾಡಿ, ಮೊದಲ ಗೇರ್ ಹಾಕಿ, ಕ್ಲಚ್ ಪೂರ್ತಿ ಒತ್ತಿ ಅರ್ಧ ನಿಮಿಷ ಹಾಗೇ ಹಿಡಿಯಿರಿ. ಇನ್ನೊಂದು ಕಾಲು ಬ್ರೇಕ್ ಮೇಲೆ ಸಿದ್ಧವಿರಲಿ, ಮುಂದೆ ಯಾರೂ ನಿಂತಿರಬಾರದು. ಒತ್ತಿ ಹಿಡಿದಿದ್ದರೂ ಗಾಡಿ ಮೆಲ್ಲಗೆ ತೆವಳಲು ಶುರು ಮಾಡಿದರೆ ಮಾಸ್ಟರ್ ಸಿಲಿಂಡರ್ ಒಳಗೊಳಗೇ ಒತ್ತಡ ಬಿಟ್ಟುಕೊಡುತ್ತಿದೆ ಎಂದರ್ಥ.

ನಿಮ್ಮ ವಿಷಯದಲ್ಲಿ ಇನ್ನೊಂದು ಗುಮಾನಿಯೂ ಇದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಮಲೆನಾಡಿನ ಹವೆಯಲ್ಲಿ ತೇವಕ್ಕೆ ಬರವೇ ಇಲ್ಲ. ಡಾಟ್ 3 (ಡಾಟ್ ಅಂದರೆ ಬ್ರೇಕ್ ಆಯಿಲಿನ ದರ್ಜೆ) ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಕನಿಷ್ಠ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ಘಾಟಿಯ ಹಿಮ್ಮುರಿ ತಿರುವುಗಳಲ್ಲಿ ಹಾಫ್ ಕ್ಲಚ್ಚಿನಲ್ಲೇ (ಪೆಡಲ್ ಅರ್ಧ ಒತ್ತಿಕೊಂಡೇ) ಹತ್ತಿದರೆ ಗೇರ್‌ಬಾಕ್ಸ್ ಸುತ್ತ ವಿಪರೀತ ಬಿಸಿ. ಹಳೇ ಆಯಿಲ್ ಅಲ್ಲಿ ಕುದಿದು ಗುಳ್ಳೆ ಎದ್ದರೆ ಪೆಡಲ್ ಮೆತ್ತಗಾಗುತ್ತದೆ, ತಣ್ಣಗಾದ ಮೇಲೆ ತಾನೇ ಸರಿಹೋಗುತ್ತದೆ. ಹಾಗೇನಾದರೂ ಆಗಿದ್ದರೆ ಆಯಿಲ್ ಬದಲಿಸಿ, ಪೈಪಿನಲ್ಲಿ ಸೇರಿದ ಗಾಳಿ (ಏರ್) ತೆಗೆಸಿ. ಎರಡು ವರ್ಷಕ್ಕೊಮ್ಮೆ ಬದಲಿಸುವ ರೂಢಿ ಒಳ್ಳೆಯದು.

ಏರ್ ತೆಗೆಯಲು ಇಬ್ಬರು ಬೇಕು, ಅರ್ಧ ಲೀಟರ್ ಆಯಿಲ್ ಸಾಕು. ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಡಾಟ್ ನಂಬರಿನದೇ, ಸೀಲ್ ಒಡೆಯದ ಬಾಟಲಿ ತನ್ನಿ. ಸ್ಲೇವ್ ಸಿಲಿಂಡರಿನ ನಿಪ್ಪಲ್‌ಗೆ (ಗಾಳಿ ಬಿಡುವ ಸಣ್ಣ ತಿರುಪಿಗೆ) ಪಾರದರ್ಶಕ ಟ್ಯೂಬ್ ಹಾಕಿ, ಇನ್ನೊಂದು ತುದಿ ಸ್ವಲ್ಪ ಆಯಿಲ್ ಇರುವ ಸೀಸೆಯಲ್ಲಿ ಮುಳುಗಿರಲಿ. ಒಬ್ಬರು ಪೆಡಲ್ ನಿಧಾನ ಒತ್ತಿ ಹಿಡಿಯಬೇಕು, ಇನ್ನೊಬ್ಬರು ನಿಪ್ಪಲ್ ಅರ್ಧ ಸುತ್ತು ಸಡಿಲಿಸಿ, ಆಯಿಲ್ ಬಂದೊಡನೆ ಬಿಗಿಯಬೇಕು. ಬಿಗಿದ ಮೇಲಷ್ಟೇ ಪೆಡಲ್ ಬಿಡುವುದು. ಗುಳ್ಳೆ ನಿಲ್ಲುವವರೆಗೆ ಇದೇ ಕೆಲಸ. ನಾಲ್ಕೈದು ಸಲಕ್ಕೊಮ್ಮೆ ಡಬ್ಬಿ ತುಂಬಿಸಿ. ಆಯಿಲ್ ಕ್ಲಚ್ ಪೈಪಿನ ಬಾಯಿಗಿಂತ ಕೆಳಗಿಳಿದರೆ ಮತ್ತೆ ಗಾಳಿ ಒಳಗೆ ಹೋಗುತ್ತದೆ. ಅಪ್ಪಿತಪ್ಪಿಯೂ ಎಂಜಿನ್ ಆಯಿಲ್ ಸುರಿಯಬೇಡಿ, ಎಲ್ಲ ಸೀಲುಗಳೂ ಉಬ್ಬಿ ಹಾಳಾಗುತ್ತವೆ. ಪೇಂಟ್ ಮೇಲೆ ಬ್ರೇಕ್ ಆಯಿಲ್ ಬಿದ್ದರೆ ಕೂಡಲೇ ನೀರು ಹಾಕಿ ತೊಳೆಯಿರಿ.

ಪ್ರಶ್ನೆ: ಮಳೆಗಾಲದಲ್ಲಿ ಎರಡು ತಿಂಗಳು ಕಾರನ್ನು ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸಿದ್ದೆವು. ಈಗ ಎಂಜಿನ್ ಚೆನ್ನಾಗಿ ಸ್ಟಾರ್ಟ್ ಆಗುತ್ತದೆ, ಪೆಡಲ್ ಕೂಡ ಮಾಮೂಲಿನಂತೆಯೇ ಇದೆ, ಆದರೆ ಯಾವ ಗೇರ್ ಹಾಕಿದರೂ ಕರಕರ ಅನ್ನುತ್ತದೆ. ಕೇಬಲ್ ಕ್ಲಚ್ಚಿನ ಸಣ್ಣ ಕಾರು.
(ಹೊಸನಗರದಿಂದ)

ಉತ್ತರ: ಪ್ಲೇಟ್ ತುಕ್ಕಿನಿಂದ, ಎಂಜಿನ್ ಜೊತೆ ತಿರುಗುವ ಫ್ಲೈವೀಲಿಗೆ ಅಂಟಿಕೊಂಡಿರುವ ಸಾಧ್ಯತೆ ಹೆಚ್ಚು. ಖಚಿತ ಮಾಡಿಕೊಳ್ಳಲು ಎಂಜಿನ್ ಆಫ್ ಮಾಡಿ, ಒಬ್ಬರು ಪೆಡಲ್ ಒತ್ತಲಿ, ನೀವು ಗೇರ್‌ಬಾಕ್ಸ್ ಮೇಲಿನ ಕ್ಲಚ್ ಲಿವರ್ ನೋಡಿ. ಲಿವರ್ ಅರೆಬರೆ ಅಲುಗಿದರೆ ದೋಷ ಕೇಬಲಿನದು: ತುದಿಯಲ್ಲಿ ಒಂದೆರಡು ಎಳೆ ಕಡಿದು ಮೀಸೆಯಂತೆ ಹೊರಗೆ ಚಾಚಿರುತ್ತವೆ, ಇಲ್ಲವೇ ಅಡ್ಜಸ್ಟ್ ನಟ್ ಸಡಿಲವಾಗಿರುತ್ತದೆ. ಎಳೆ ಕಡಿದ ಕೇಬಲನ್ನು ಬಿಗಿ ಮಾಡಿ ಓಡಿಸಬೇಡಿ, ಬದಲಿಸಿ.

ಲಿವರ್ ಪೂರ್ತಿ ಚಲಿಸಿದರೂ ಎಂಜಿನ್ ಓಡುವಾಗ ಗೇರ್ ಬೀಳದಿದ್ದರೆ ಅಂಟಿರುವುದು ಪ್ಲೇಟೇ. ಎಂಜಿನನ್ನು ನ್ಯೂಟ್ರಲ್‌ನಲ್ಲಿ ಹದಿನೈದು ನಿಮಿಷ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ. ಮುಂದೆ ದೂರದವರೆಗೆ ಬಯಲಿರುವ ಸಮತಟ್ಟು ಜಾಗಕ್ಕೆ ಕಾರನ್ನು ತಳ್ಳಿಕೊಂಡು ಹೋಗಿ. ಎರಡನೇ ಗೇರ್ ಹಾಕಿ, ಕ್ಲಚ್ ಪೂರ್ತಿ ಒತ್ತಿ ಸ್ಟಾರ್ಟ್ ಮಾಡಿ. ಕಾರು ಜಗ್ಗಿ ಹೊರಡುತ್ತದೆ, ಗಾಬರಿ ಬೇಡ. ಕ್ಲಚ್ಚಿನಿಂದ ಕಾಲು ತೆಗೆಯದೆ ಆಕ್ಸಿಲೇಟರ್ ಒತ್ತಿ ಬಿಡಿ, ಬ್ರೇಕ್ ಮುಟ್ಟಿ ಮುಟ್ಟಿ ಬಿಡಿ. ಟಕ್ ಎಂದು ಪ್ಲೇಟ್ ಬಿಟ್ಟುಕೊಂಡರೆ ಗಾಡಿ ಸಲೀಸಾಗುತ್ತದೆ. ನಾಲ್ಕೈದು ಪ್ರಯತ್ನಕ್ಕೂ ಬಿಡದಿದ್ದರೆ ನಿಲ್ಲಿಸಿ, ಮೆಕ್ಯಾನಿಕ್ ಬಿಚ್ಚಿ ನೋಡಲಿ. ಜಾಕ್ ಮೇಲೆ ಚಕ್ರ ಎತ್ತಿ ಈ ಪ್ರಯೋಗ ಮಾಡಲೇಬೇಡಿ, ಜಾಕ್ ಜಾರಿದರೆ ಪ್ರಾಣಕ್ಕೆ ಅಪಾಯ. ಮುಂದಿನ ಮಳೆಗಾಲದಲ್ಲಿ ವಾರಕ್ಕೊಮ್ಮೆ ಹತ್ತು ಕಿಲೋಮೀಟರ್ ಓಡಿಸಿ ತನ್ನಿ.

ಪ್ರಶ್ನೆ: ಅಡಿಕೆ ಮೂಟೆ ಹೇರಿದಾಗ ಮಾತ್ರ ಪಿಕಪ್ ಏರು ಹತ್ತುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಕ್ಲಚ್ಚೋ ಎಂಜಿನ್ನೋ?
(ಸಾಗರದಿಂದ)

ಉತ್ತರ: ಆಕ್ಸಿಲೇಟರ್ ಒತ್ತಿದಾಗ ಎಂಜಿನ್ ಶಬ್ದ ಏರಿ, ವೇಗ ಏರದಿದ್ದರೆ ಕ್ಲಚ್ ಸ್ಲಿಪ್. ಎರಡೂ ಏರದಿದ್ದರೆ ಎಂಜಿನ್ ಕಡೆ ನೋಡಿ. ಪರೀಕ್ಷೆ: ಹ್ಯಾಂಡ್‌ಬ್ರೇಕ್ ಬಿಗಿದು, ಬ್ರೇಕ್ ಮೇಲೂ ಕಾಲಿಟ್ಟು, ನಾಲ್ಕನೇ ಗೇರಿನಲ್ಲಿ ಕ್ಲಚ್ ನಿಧಾನವಾಗಿ ಬಿಡಿ. ಎಂಜಿನ್ ಕೂಡಲೇ ನಿಂತುಹೋಗಬೇಕು. ಪೂರ್ತಿ ಬಿಟ್ಟರೂ ಓಡುತ್ತಿದ್ದರೆ ಪ್ಲೇಟ್ ಹಿಡಿಯುತ್ತಿಲ್ಲ. ಒಂದೇ ಸಲ ಮಾಡಿ, ಮತ್ತೆ ಮತ್ತೆ ಮಾಡಿದರೆ ಉಳಿದದ್ದೂ ಸುಡುತ್ತದೆ. ಪ್ಲೇಟ್ ಬದಲಿಸುವಾಗ ಹಳೆಯದನ್ನು ಕೈಯಲ್ಲಿ ಹಿಡಿದು ನೋಡಿ: ಎಣ್ಣೆ ಹತ್ತಿ ಮಿರಮಿರ ಹೊಳೆಯುತ್ತಿದ್ದರೆ ಎಂಜಿನ್ ಹಿಂಬದಿಯ ಅಥವಾ ಗೇರ್‌ಬಾಕ್ಸ್ ಮುಂಬದಿಯ ಆಯಿಲ್ ಸೀಲ್ ಸೋರುತ್ತಿದೆ. ಅದನ್ನು ಬದಲಿಸದೆ ಹೊಸ ಪ್ಲೇಟ್ ಹಾಕಿದರೆ ದುಡ್ಡು ದಂಡ.

ಪ್ರಶ್ನೆ: ದಾರಿಯಲ್ಲಿ ಕ್ಲಚ್ ಕೇಬಲ್ ತುಂಡಾದರೆ ಮನೆಯವರೆಗೆ ಓಡಿಸಬಹುದೆ?
(ಶಿವಮೊಗ್ಗದಿಂದ)

ಉತ್ತರ: ಆಗುಂಬೆ, ಹುಲಿಕಲ್‌ನಂಥ ಘಾಟಿಯಲ್ಲಿ ಖಂಡಿತ ಬೇಡ. ಅಂಚಿಗೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಟೋಯಿಂಗ್ ಗಾಡಿ ಕರೆಸಿ. ಖಾಲಿ ಸಮತಟ್ಟು ರಸ್ತೆಯಾದರೆ ಎಂಜಿನ್ ಆಫ್ ಇರುವಾಗಲೇ ಮೊದಲ ಗೇರ್ ಹಾಕಿ ಸ್ಟಾರ್ಟ್ ಮಾಡಿ, ಸ್ಟಾರ್ಟರ್ ಮೋಟಾರೇ ಗಾಡಿಯನ್ನು ಎಳೆದು ಹೊರಡಿಸುತ್ತದೆ. ಕ್ಲಚ್ ಒತ್ತದೆ ಸ್ಟಾರ್ಟ್ ಆಗದ ಕಾರುಗಳಲ್ಲಿ ತುಂಡಾದ ಕೇಬಲಿನ ಪೆಡಲನ್ನೇ ಒತ್ತಿ ಹಿಡಿಯಿರಿ. ಅದೇ ಗೇರಿನಲ್ಲಿ ನಿಧಾನವಾಗಿ ಹತ್ತಿರದ ಗ್ಯಾರೇಜಿಗೆ ಹೋಗಿ. ನಿಲ್ಲಿಸಬೇಕಾದಾಗ ಆಕ್ಸಿಲೇಟರಿನಿಂದ ಕಾಲು ತೆಗೆದು ಗೇರನ್ನು ನ್ಯೂಟ್ರಲ್‌ಗೆ ಎಳೆದು ಬ್ರೇಕ್ ಒತ್ತಿ. ಮತ್ತೆ ಹೊರಡಲು ಎಂಜಿನ್ ಆಫ್ ಮಾಡಿ ಮೊದಲಿನಿಂದ ಶುರು ಮಾಡಿ. ಪ್ರತಿ ಸಲವೂ ಬ್ಯಾಟರಿಗೆ, ಸ್ಟಾರ್ಟರಿಗೆ ಹೊರೆ ಬೀಳುವುದರಿಂದ ಮೂರ್ನಾಲ್ಕು ಸಲಕ್ಕಿಂತ ಹೆಚ್ಚು ನಿಲ್ಲಿಸಬೇಕಾದ ಪೇಟೆ ದಾರಿಗೆ ಈ ಉಪಾಯ ಹೊಂದುವುದಿಲ್ಲ.